ಉಪ್ಪಿನಕಾಯಿ ಬಾಟಲಿಯಲ್ಲಿ ಬೆಳೆದ ಕಳೆ

ಮೂಲೆಮನೆ ಆಂಟಿ ಯಾರನ್ನು ನೋಡುವಾಗಲೂ ಎಡಗಣ್ಣನ್ನು ಅರ್ಧ ಮುಚ್ಚಿ, ಬಲಗಣ್ಣನ್ನು ಅಗಲಿಸಿ, ಕತ್ತನ್ನು ತುಸು ಮುಂದೆ ಚಾಚಿ ನೋಡುತ್ತಿದ್ದರು. ಡೆಟ್ರಾಯಿಟ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಜೀವಮಾನವೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತ ಅಭ್ಯಾಸವದು. ನಿವೃತ್ತರಾದ ಮೇಲೆ ಸೂಕ್ಷ್ಮದರ್ಶಕ ಹೋಯಿತು, ನೋಟ ಮಾತ್ರ ಹಾಗೇ ಉಳಿಯಿತು. ಮೊದಲ ಸಲ ಪರಿಚಯ ಮಾಡಿಕೊಳ್ಳಲು ಹೋದಾಗ ಬಾಗಿಲು ತೆಗೆದು ನನ್ನನ್ನು ಹಾಗೆ ನೋಡಿದರು ನೋಡಿ, ನನಗೇನೋ ರೋಗವಿದೆ, ಇವರಿಗೆ ಕಂಡುಬಿಟ್ಟಿದೆ ಎಂದು ಒಂದು ಗಳಿಗೆ ಹೆದರಿಯೇಬಿಟ್ಟೆ.

ಆಗ ನಾವು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿದ್ದೆವು. ನಮ್ಮ ಬಡಾವಣೆಯ ನಡುವೆ ಒಂದು ಕೆರೆ, ಕೆರೆಯ ಸುತ್ತ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು, ಅವುಗಳ ನಡುವೆ ನಾಲ್ಕೈದು ಕನ್ನಡದವರ ಸಂಸಾರಗಳು. ರಸ್ತೆ ತಿರುಗುವ ಮೂಲೆಯಲ್ಲಿದ್ದದ್ದು ಆಂಟಿಯ ಮನೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಒಬ್ಬನೇ ಮಗ ಸಿಯಾಟಲ್‌ನಲ್ಲಿದ್ದ. ಒಂಟಿ ಹೆಂಗಸೆಂದು ಯಾರೂ ಮರುಗುವ ಹಾಗಿರಲಿಲ್ಲ. ಮರುಗಲು ಹೋದವರನ್ನೂ ಅವರು ಎಡಗಣ್ಣು ಮುಚ್ಚಿಯೇ ನೋಡುತ್ತಿದ್ದರು.

ಅವರ ಅನುಮಾನಕ್ಕೆ ಸಿಗದ ವಸ್ತುವೇ ಇರಲಿಲ್ಲ. ಅಂಗಡಿಯಲ್ಲಿ ಸ್ಟ್ರಾಬೆರಿ ಡಬ್ಬಿಯನ್ನು ತಲೆಕೆಳಗು ಮಾಡಿ ತಳದ ಹಣ್ಣು ನೋಡದೆ ಕೊಳ್ಳುತ್ತಿರಲಿಲ್ಲ. ಯಾರಾದರೂ ‘ಮನೇಲೇ ಮಾಡಿದ್ದು’ ಎಂದು ಚಕ್ಕುಲಿ ಕೊಟ್ಟರೆ ‘ಯಾರ ಮನೇಲಿ?’ ಎಂದು ಕೇಳುತ್ತಿದ್ದರು. ನಮ್ಮವರಲ್ಲಿ ಕರಿಬೇವಿನ ಮರಿಗಿಡ ಹಂಚಿಕೊಳ್ಳುವುದೆಂದರೆ ಸ್ನೇಹಕ್ಕೆ ಮೊಹರು ಒತ್ತಿದ ಹಾಗೆ. ನಾನೂ ಪ್ರೀತಿಯಿಂದ ಒಂದು ಮರಿಯನ್ನು ಕುಂಡದಲ್ಲಿಟ್ಟು ಕೊಂಡೊಯ್ದೆ. ಅವರು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ, ಗರಾಜಿನ ಮೂಲೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಇಟ್ಟರು.

“ಸ್ವಲ್ಪ ದಿನ ಇಲ್ಲೇ ಇರ್ಲಿ, ನೋಡೋಣ,” ಎಂದರು.

ನನಗೆ ಮೈ ಉರಿದುಹೋಯಿತು. ಮುಂದಿನ ವಾರ ಅವರೇ ಕರೆದು, ಭೂತಗನ್ನಡಿ ಕೈಗೆ ಕೊಟ್ಟು, ಎಲೆಯ ಅಡಿ ತೋರಿಸಿದರು. ಹತ್ತಿಯಂಥ ಬಿಳಿ ಹುಳುಗಳು ಸಾಲಾಗಿ ಕೂತಿದ್ದವು. “ನಿನ್ ಮೇಲೆ ಅನುಮಾನ ಅಲ್ಲ ಕಣೇ, ಗಿಡದ್ ಮೇಲೆ. ಮುಖ ಊದಿಸ್ಕೋಬೇಡ,” ಎಂದು ಕಾಫಿ ಕೊಟ್ಟರು. ನಮ್ಮ ಸ್ನೇಹ ಶುರುವಾದದ್ದು ಆ ಹುಳುಗಳಿಂದಲೇ.

ಅದು ಕಾರು ಕಂಪನಿಗಳು ಗಡಗಡ ನಡುಗುತ್ತಿದ್ದ ಕಾಲ. ಕಾರಿನ ಸೀಟಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ನನ್ನ ಗಂಡನಿಗೆ ಕೆಲಸ. ಶುಕ್ರವಾರ ಬಂದರೆ ಕೆಲಸದಿಂದ ತೆಗೆಯಲು ಯಾರನ್ನು ಒಳಗೆ ಕರೆಯುತ್ತಾರೋ ಎಂದು ಇಡೀ ಆಫೀಸು ಬಾಗಿಲನ್ನೇ ನೋಡುತ್ತ ಕೂರುತ್ತಿತ್ತಂತೆ. ಬಡಾವಣೆಯಲ್ಲೂ ಅದೇ ಕಥೆ. ಯಾರ ಕಾರು ಬೆಳಿಗ್ಗೆ ಹೊರಡಲಿಲ್ಲ, ಯಾರ ಮನೆಯ ಹುಲ್ಲು ಕತ್ತರಿಸಿಲ್ಲ, ಯಾರ ಪರದೆ ಮಧ್ಯಾಹ್ನವೂ ಮುಚ್ಚಿದೆ ಎಂದು ಎಲ್ಲರೂ ಎಲ್ಲರನ್ನೂ ಕಿಟಕಿಯ ಸಂದಿಯಿಂದ ನೋಡುವವರೇ. ಸಾಲದ ಕಂತು ಕಟ್ಟಲಾಗದೆ ಕೆಲವು ಮನೆಗಳು ಇದ್ದಕ್ಕಿದ್ದಂತೆ ಖಾಲಿಯಾದವು, ಬ್ಯಾಂಕಿನವರು ಬಾಗಿಲಿಗೆ ಬೀಗದ ಡಬ್ಬಿ ನೇತುಹಾಕಿ ಹೋದರು. ಕೊನೆಗೆ ನನ್ನ ಗಂಡನಿಗೂ ಕರೆ ಬಂತು. ನಾವು ಅದನ್ನು ಯಾರಿಗೂ ಹೇಳಿರಲಿಲ್ಲ.

“ನಿನ್ ಗಂಡನ್ ಕಾರಿನ ಗಾಜಿನ್ ಮೇಲೆ ಹತ್ತು ಗಂಟೆಯಾದ್ರೂ ಇಬ್ಬನಿ ಹಾಗೇ ಇದೆಯಲ್ಲ,” ಎಂದರು ಆಂಟಿ ಒಂದು ದಿನ. ನಾನು ಅತ್ತುಬಿಟ್ಟೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಆದರೆ ಅಂದಿನಿಂದ ವಾರದಲ್ಲಿ ಎರಡು ಮೂರು ಸಲ “ಹುಳಿ ಜಾಸ್ತಿ ಆಯ್ತು” ಎಂದು ಪಾತ್ರೆ ಹಿಡಿದು ಬರತೊಡಗಿದರು. ಒಬ್ಬರೇ ಇರುವ ಮನೆಯಲ್ಲಿ ಪ್ರತಿಸಲ ಹುಳಿ ಹೇಗೆ ಜಾಸ್ತಿಯಾಗುತ್ತದೆ ಎಂದು ಅನುಮಾನಿಸುವ ಸರದಿ ಈಗ ನನ್ನದಾಗಿತ್ತು.

ಆ ಬೇಸಿಗೆಯಲ್ಲೇ ಕೆರೆ ಕೆಟ್ಟದ್ದು. ಹಿಂದಿನ ವರ್ಷ ದಡದ ಹತ್ತಿರ ಅಲ್ಲಲ್ಲಿ ಕಂಡಿದ್ದ ಹಸಿರು ಈಗ ನಮ್ಮ ಕಡೆಯ ನೀರಿನ ಮೇಲೆಲ್ಲ ಹಾಸಿಕೊಂಡಿತು. ತಳದ ಕೆಸರಿನಲ್ಲಿ ಬೇರೂರಿ, ಬೆಳಕಿಗಾಗಿ ನೇರ ಮೇಲೆ ಎದ್ದು, ಮೇಲೆ ಬಂದ ಕೂಡಲೇ ಅಡ್ಡಡ್ಡ ಹರಡಿಕೊಳ್ಳುವ ಬಳ್ಳಿಯಂಥ ಕಳೆ. ನೀರೊಳಗೆ ನೋಡಿದರೆ ನವಿರಾದ ಗರಿಗಳ ಹಾಗೆ ಚೆಂದ. ಕೈಯಲ್ಲಿ ಎತ್ತಿದರೆ ಸ್ನಾನ ಮಾಡಿದ ಕೂದಲಿನ ಹಾಗೆ ಮುದುಡಿ ಅಂಟಿಕೊಳ್ಳುತ್ತಿತ್ತು. ನಮ್ಮ ಹೆಂಗಸರು ಅದಕ್ಕೆ ಜಡೆ ಎಂದು ಹೆಸರಿಟ್ಟರು. ಈಜುವ ಮಕ್ಕಳ ಕಾಲಿಗೆ ಸುತ್ತಿಕೊಂಡಿತು, ಮೀನುಗಾರರ ಗಾಳಕ್ಕೆ ಸಿಕ್ಕಿಕೊಂಡಿತು. ಮನೆ ಮಾರಲು ಬೋರ್ಡು ಹಾಕಿದವರ ಎದೆ ಒಡೆಯಿತು. ಅವರಲ್ಲಿ ನಾವೂ ಇದ್ದೆವು.

ಬಡಾವಣೆಯ ನಿವಾಸಿಗಳ ಸಂಘ ಸಭೆ ಕರೆಯಿತು. ಅದು ಯುರೇಷಿಯನ್ ಮಿಲ್‌ಫಾಯಿಲ್ ಎಂಬ ಹೊರಗಿನ ಕಳೆ, ಯಾರೋ ತಂದು ಹಾಕದೆ ಬರುವಂಥದ್ದಲ್ಲ ಎಂದು ಅಲ್ಲಿ ಹೇಳಿದರು. ಹೆಸರಿನೊಳಗೆ ಏಷ್ಯಾ ಕೇಳಿಸಿದ್ದೇ ತಡ, ಒಂದಷ್ಟು ತಲೆಗಳು ನಮ್ಮ ಕಡೆ ತಿರುಗಿದವು. ಪ್ರತಿವರ್ಷ ನಾವು ಗಣಪತಿಯನ್ನು ಬಿಡುತ್ತಿದ್ದದ್ದು ಅದೇ ಕೆರೆಯಲ್ಲಿ, ಹೂವು ಪತ್ರೆಗಳ ಸಮೇತ. ಎದ್ದು ನಿಂತು ಅದನ್ನು ಬಾಯಿಬಿಟ್ಟು ಹೇಳಿದವನು ಕೆರೆಯಾಚೆ ಮನೆಯ ದೋಣಿಯಾತ. ಅವನೂ ಕಾರ್ಖಾನೆಯ ಕೆಲಸ ಕಳೆದುಕೊಂಡವನೇ. ಸಣ್ಣದೊಂದು ದೋಣಿಯನ್ನು ಟ್ರೇಲರಿನ ಮೇಲಿಟ್ಟು ಉತ್ತರದ ಕೆರೆಗಳಿಗೂ ಹೋಗಿ ಮೀನು ಹಿಡಿಯುತ್ತಿದ್ದ. ಮೊದಲು ಅದು ಅವನ ಹವ್ಯಾಸವಾಗಿತ್ತು, ಈಗ ಅವರ ಮನೆಯ ರಾತ್ರಿಯೂಟವೇ ಅದು ಎಂದು ಅವನ ಹೆಂಡತಿ ಸ್ಕೂಲ್ ಬಸ್ಸಿಗೆ ಕಾಯುವಾಗ ನನಗೆ ಹೇಳಿದ್ದಳು. ನಮ್ಮವರೇನು ಸುಮ್ಮನಿರುವವರೇ? ಊರೂರು ಸುತ್ತಿ ಬರುವ ದೋಣಿಯೇ ಕಳೆ ತಂದಿರಬೇಕು ಎಂದರು. ತರ್ಕ ಎರಡು ಕಡೆಗೂ ಇತ್ತು, ಪುರಾವೆ ಯಾರ ಬಳಿಯೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಸೇರಿ, ದೋಣಿ ನಿಲ್ಲಿಸಬೇಕೋ ಗಣಪತಿ ನಿಲ್ಲಿಸಬೇಕೋ ತೀರ್ಮಾನಿಸುವುದು, ಅಲ್ಲಿಯ ತನಕ ಎರಡೂ ಕೆರೆಗೆ ಇಳಿಯಬಾರದು ಎಂದಾಯಿತು.

ನಮ್ಮ ಗಂಡಸರಿಗೆ ರೋಷ ಬಂತು. ನಾವೆಂಥ ಒಳ್ಳೆಯ ನೆರೆಯವರು ಎಂದು ತೋರಿಸಿಯೇಬಿಡೋಣ ಎಂದು ಒಂದು ಶನಿವಾರ ಶ್ರಮದಾನ ಇಟ್ಟುಕೊಂಡರು. ಮುಂದಾಳು ಮಂತ್ರದ ಅಂಕಲ್. ಅವರು ಕಾರು ಕಂಪನಿಯಲ್ಲಿ ಎಂಜಿನಿಯರಾಗಿ ನಿವೃತ್ತರಾಗಿ, ನಮ್ಮ ಮನೆಗಳ ಪೂಜೆಗೆಲ್ಲ ತಾವೇ ಪುಸ್ತಕ ನೋಡಿ ಮಂತ್ರ ಹೇಳುತ್ತಿದ್ದವರು. ಎಲೆ ಗುಡಿಸುವ ಕುಂಟೆಗಳನ್ನು ಹಿಡಿದು ಎಲ್ಲರೂ ಸೊಂಟದುದ್ದ ನೀರಿಗಿಳಿದರು. ದಡದಲ್ಲಿ ಚಿತ್ರಾನ್ನ, ಮೊಸರನ್ನ, ಫೋಟೋ ತೆಗೆಯುವ ಸಂಭ್ರಮ. ಅಷ್ಟರಲ್ಲಿ ಮೂಲೆಮನೆ ಆಂಟಿ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದರು.

“ಎಳೀಬೇಡ್ರೋ! ಅದು ತುಂಡಾಗ್ಲಿ ಅಂತಾನೇ ಕಾಯ್ತಿರತ್ತೆ!” ಎಂದು ಕೂಗಿದರು.

“ನಿಮಗೆ ಎಲ್ಲದ್ರಲ್ಲೂ ಅನುಮಾನ ಕಣ್ರೀ,” ಎಂದು ಮಂತ್ರದ ಅಂಕಲ್ ನಗುತ್ತ ಇನ್ನೊಂದು ಕಂತೆ ಎಳೆದರು. ತುಂಡುಗಳು ನೀರಿನ ಮೇಲೆ ತೇಲುತ್ತ ಕೆರೆಯಾಚೆಗೆ ಹೋದವು. ಆಗಸ್ಟ್ ಮುಗಿಯುವ ಹೊತ್ತಿಗೆ, ಮೊದಲು ಕಳೆಯೇ ಇಲ್ಲದಿದ್ದ ಆಚೆ ದಡದಲ್ಲೂ ಜಡೆ ಹುಟ್ಟಿತ್ತು. ನಮ್ಮ ಒಳ್ಳೆಯತನದ ಫೋಟೋಗಳನ್ನು ಆಮೇಲೆ ಯಾರೂ ಯಾರಿಗೂ ತೋರಿಸಲಿಲ್ಲ.

ಆಂಟಿ ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗಳನ್ನು ಕುದಿಸಿ ತೊಳೆದು ಸಾಲಾಗಿ ಇಟ್ಟರು. ಒಂದರಲ್ಲಿ ಪೂಜೆಯ ಹೂವು, ಪತ್ರೆ, ಗರಿಕೆ ಹಾಕಿ ನೀರು ತುಂಬಿದರು. ಇನ್ನೊಂದಕ್ಕೆ ದೋಣಿಯಾತನ ಟ್ರೇಲರಿಗೆ ಅಂಟಿದ್ದ ಕಸ. ಅವನು ಉತ್ತರದ ಕೆರೆಯಿಂದ ಭಾನುವಾರ ಸಂಜೆ ಮರಳಿದ ಕೂಡಲೇ ವಾಕಿಂಗ್ ನೆಪದಲ್ಲಿ ಹೋಗಿ, ಚಕ್ರದ ಸಂದಿಯಿಂದ ಹಸಿರು ಎಳೆಯೊಂದನ್ನು ಚಿಮುಟದಲ್ಲಿ ಕಿತ್ತು ತಂದರು. ಅವನು ಪರದೆ ಸರಿಸಿ ನೋಡುತ್ತಿದ್ದನಂತೆ. “ನೋಡ್ಲಿ ಬಿಡು, ನಾನೇನ್ ಅವ್ನ ಚಕ್ರ ಕದಿಯಕ್ಕೆ ಹೋಗಿದ್ನಾ?” ಎಂದರು.

ಹೂವು ಪತ್ರೆಗಳು ಕೊಳೆತು ನಾರಿದವು. ಟ್ರೇಲರಿನ ಎಳೆ ಮಾತ್ರ, ಬೆರಳುದ್ದ ಕೂಡ ಇಲ್ಲದ್ದು, ಗೆಣ್ಣಿನಲ್ಲಿ ಬಿಳಿಯ ಬೇರು ಬಿಟ್ಟಿತು, ತುದಿಯಲ್ಲಿ ಹೊಸ ಗರಿ ತೆರೆಯಿತು. ಆಂಟಿ ನನಗೆ ತೋರಿಸಿ ಹೇಳಿದರು: “ಇದಕ್ಕೆ ಬೀಜ ಬೇಡ ಕಣೇ. ಹೂ ಬಿಟ್ಟಾದ ಮೇಲೆ ಬೇಸಿಗೆ ಕೊನೇಲಿ ತಾನಾಗೇ ಮುರ್ಕೊಂಡು ತುಂಡು ತುಂಡಾಗಿ ತೇಲ್ಕೊಂಡ್ ಹೋಗತ್ತೆ. ಬೇರನ್ನ ಬುತ್ತಿ ಕಟ್ಕೊಂಡೇ ಹೊರಡತ್ತೆ. ಮಂಜುಗಡ್ಡೆ ಕೆಳಗೂ ಸಾಯಲ್ಲ. ಪೂರ್ತಿ ಒಣಗಿದ್ರೆ ಮಾತ್ರ ಸಾಯತ್ತೆ.”

ಸುದ್ದಿ ನಮ್ಮ ಮನೆಗಳಲ್ಲಿ ಹಬ್ಬಿತು. ಎಲ್ಲರಿಗೂ ಆಂಟಿಯ ಅನುಮಾನದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. “ಆಂಟಿ, ಆ ಎರಡು ಬಾಟ್ಲೀನೂ ಮೀಟಿಂಗಿಗೆ ತನ್ನಿ. ಕೇಸ್ ಕ್ಲೋಸ್!” ಎಂದ ನನ್ನ ಗಂಡ. ಕೆಲಸ ಹೋದ ಮೇಲೆ ಅವನು ಅಷ್ಟು ಹುರುಪಿನಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಭೆಗೆ ಮುಂಚೆ ಹಬ್ಬ ಬಂತು. ಅಂಗಡಿಯ ಗಣಪತಿಯ ಬಣ್ಣದ ಮೇಲೂ ಆಂಟಿಗೆ ಅನುಮಾನವಿದ್ದದ್ದರಿಂದ ನಮ್ಮ ಬಡಾವಣೆಯ ಗಣಪತಿಯನ್ನು ಅವರೇ ಮಾಡುತ್ತಿದ್ದರು. ಪ್ರತಿವರ್ಷ ಹಬ್ಬದ ಹಿಂದಿನ ವಾರ ಉತ್ತರಕ್ಕೆ ಡ್ರೈವ್ ಮಾಡಿಕೊಂಡು ಹೋಗಿ, ಪರಿಚಯದವರ ಕೆರೆಯಂಚಿನಿಂದ ಜೇಡಿಮಣ್ಣು ಅಗೆದು, ಬಕೆಟ್ಟುಗಳಲ್ಲಿ ತುಂಬಿ, ಒದ್ದೆಬಟ್ಟೆ ಹೊದಿಸಿ ತರುತ್ತಿದ್ದರು. ಆ ಮಣ್ಣನ್ನು ನೀರಲ್ಲಿ ಕಲಸಿ ಜರಡಿ ಹಿಡಿದು, ಕಸ ಕಡ್ಡಿ ತೆಗೆದು, ನುಣ್ಣಗೆ ಮಾಡಿಕೊಳ್ಳುವುದು. ಹಾಗೆ ಉಳಿದ ಮಣ್ಣುನೀರನ್ನು ಏನು ಮಾಡುವುದು? ಗಣಪತಿಯ ಮಣ್ಣು ತೊಳೆದ ನೀರನ್ನು ಸಿಂಕಿಗೆ ಸುರಿಯುವುದುಂಟೆ, ನಾಲ್ಕು ಜನ ತುಳಿಯುವ ಕಡೆ ಚೆಲ್ಲುವುದುಂಟೆ? ಆಂಟಿ ಅದನ್ನು ಕಸಕಡ್ಡಿ ಸಮೇತ ಕೆರೆಯಂಚಿಗೆ ಕೊಂಡೊಯ್ದು, ಬಗ್ಗಿ, ಸದ್ದಾಗದ ಹಾಗೆ ನೀರಿಗೆ ಬಿಟ್ಟು ಕೈಮುಗಿಯುತ್ತಿದ್ದರು. ನಾವೆಲ್ಲ ಅದನ್ನು ಕಂಡವರೇ, ಕಂಡು ಮೆಚ್ಚಿದವರೇ.

ಆ ವರ್ಷ ಗರಾಜಿನಲ್ಲಿ ಜರಡಿ ಹಿಡಿದುಕೊಂಡಿದ್ದವಳು ನಾನು. ಆಂಟಿ ಮಣ್ಣನ್ನು ಕೈಯಾಡಿಸುತ್ತಿದ್ದವರು ಥಟ್ಟನೆ ನಿಂತರು. ಅವರ ಬೆರಳಿನ ನಡುವೆ ಹಸಿರು ಎಳೆಯೊಂದಿತ್ತು. ಎಡಗಣ್ಣು ಮುಚ್ಚಿತು, ಬಲಗಣ್ಣು ಅಗಲವಾಯಿತು.

“ಪ್ರತಿ ವರ್ಷ ಇದನ್ನ ನಾನೇನ್ ಮಾಡ್ತಿದ್ದೆ?” ಎಂದು ಕೇಳಿದರು.

“ನೀರಿನ ಜೊತೆ ಕೆರೆಗೆ...” ಎಂದೆ ನಾನು.

ಅವರು ಅದನ್ನೂ ಒಂದು ಬಾಟಲಿಗೆ ಹಾಕಿ ನೀರು ತುಂಬಿದರು. ಅದನ್ನು ಕಿಟಕಿಯಲ್ಲಿ ಉಳಿದವುಗಳ ಜೊತೆ ಇಡದೆ, ಒಲೆಯ ಪಕ್ಕ, ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಕಡೆ ಇಟ್ಟರು.

ಹಬ್ಬವಾಯಿತು. ಸಭೆಯ ತೀರ್ಮಾನವಾಗುವ ತನಕ ಬಿಡುವಂತಿರಲಿಲ್ಲವಾಗಿ ಗಣಪತಿ ಆಂಟಿಯ ಮನೆಯಲ್ಲೇ ಕೂತ. ದಿನಾ ಸಂಜೆ ಮಂಗಳಾರತಿಗೆ ಹೋದಾಗ ನಾನು ಮೊದಲು ಗಣಪತಿಯನ್ನು ನೋಡುತ್ತಿರಲಿಲ್ಲ, ಒಲೆಯ ಪಕ್ಕ ನೋಡುತ್ತಿದ್ದೆ. ಒಂದು ಸಂಜೆ ಅಲ್ಲಿ ಬಿಳಿಯ ಬೇರು ಇಳಿದಿತ್ತು. ತುದಿಯಲ್ಲಿ ಹೊಸ ಗರಿಯೂ ಇತ್ತು.

“ಚೆಲ್ಬಿಡಿ ಆಂಟಿ,” ಎಂದೆ. “ಯಾರಿಗೂ ಗೊತ್ತಾಗಲ್ಲ. ದೋಣಿಯಿಂದ್ಲೂ ಬಂದಿರ್ಬಹುದಲ್ಲಾ? ಅದಂತೂ ಪ್ರೂವ್ ಆಗಿದೆ.”

“ಬಂದಿರ್ಬಹುದು. ಇದ್ರಿಂದ್ಲೂ ಬಂದಿರ್ಬಹುದು,” ಎಂದರು. “ನಮಗೆ ಬೇಡವಾದ ರಿಸಲ್ಟನ್ನ ಚೆಲ್ಲಿ, ಬೇಕಾದ್ದನ್ನ ಮಾತ್ರ ಎತ್ಕೊಂಡ್ ಹೋದ್ರೆ ಅದನ್ನ ಲ್ಯಾಬ್ ಅನ್ನಲ್ಲ ಕಣೇ. ಅವ್ನ ದೋಣಿ ನಿಲ್ಸಿದ್ರೆ ಅವ್ನ ಮಕ್ಳು ರಾತ್ರಿ ಏನ್ ತಿಂತಾರೆ?”

ಆಮೇಲೆ ಸೆರಗಿನಿಂದ ಬಾಟಲಿಯ ಹೊರಗಿನ ನೀರು ಒರೆಸಿದರು. ಅದನ್ನು ಮತ್ತೆ ಒಲೆಯ ಪಕ್ಕವೇ ಇಟ್ಟರು.

ಸಭೆ ನಡೆದದ್ದು ಲೈಬ್ರರಿಯ ಕೋಣೆಯೊಂದರಲ್ಲಿ. ದೋಣಿಯಾತ ಹಿಂದಿನ ಸಾಲಿನಲ್ಲಿ ತೋಳು ಕಟ್ಟಿ ಕೂತಿದ್ದ. ನಮ್ಮವರು ಮುಂದಿನ ಸಾಲು ಹಿಡಿದಿದ್ದರು. ಆಂಟಿ ದಪ್ಪ ಕೈಚೀಲದಿಂದ ಮೊದಲ ಬಾಟಲಿ ತೆಗೆದರು. ಪೂಜೆಯ ಹೂವು ಪತ್ರೆ, ಬರೀ ಕೊಳೆ, ಇದರಿಂದ ಏನೂ ಬೆಳೆಯಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮವರು ಬೀಗಿದರು. ಎರಡನೆಯದು ಟ್ರೇಲರಿನದು, ಇದು ಬೆಳೆದಿದೆ ಎಂದರು. ದೋಣಿಯಾತನ ಮುಖ ಕೆಂಪಾಯಿತು, ಅವನ ಹೆಂಡತಿ ತಲೆ ತಗ್ಗಿಸಿದಳು. ನನ್ನ ಗಂಡ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದ. ಆಗ ಆಂಟಿ ಮೂರನೆಯ ಬಾಟಲಿ ತೆಗೆದಿಟ್ಟರು.

ಇದು ನನ್ನ ಬಕೆಟ್ಟಿನದು, ದೇವರ ಮೂರ್ತಿಗೆಂದು ನಾನೇ ಬೇರೆ ಕೆರೆಯಿಂದ ತಂದ ಮಣ್ಣಿನಲ್ಲಿತ್ತು, ಹಲವು ವರ್ಷಗಳಿಂದ ಇಂಥ ಮಣ್ಣಿನ ನೀರನ್ನು ನಾನು ನಮ್ಮ ಕೆರೆಗೆ ಸುರಿದಿದ್ದೇನೆ, ಯಾವುದು ಮೊದಲು ಬಂತೆಂದು ಯಾವ ಲ್ಯಾಬೂ ಹೇಳಲಾರದು, ಅವನ ದೋಣಿ ನಿಲ್ಲಿಸುವುದಾದರೆ ಮೊದಲು ನನ್ನ ಬಕೆಟ್ ನಿಲ್ಲಿಸಿ ಎಂದರು. ಧ್ವನಿ ಏರಲಿಲ್ಲ. ಹೇಳಿ ಮುಗಿಸಿ ಕುರ್ಚಿಗೆ ಒರಗಿ ಕೂತರು.

“ಏನ್ ಮಾಡ್ಬಿಟ್ರು ಈಯಮ್ಮ!” ಎಂದು ನನ್ನ ಹಿಂದೆ ಮಂತ್ರದ ಅಂಕಲ್ ಹಲ್ಲು ಕಚ್ಚಿ ಪಿಸುಗುಟ್ಟಿದರು. “ನಮ್ ಮಾನಾನೆಲ್ಲ ಬಾಟ್ಲೀಲಿ ಹಾಕಿ ಟೇಬಲ್ ಮೇಲಿಟ್ರಲ್ಲ.”

ದೋಣಿಯನ್ನು ತೊಳೆದು ಒಣಗಿಸಿ ಇಳಿಸಬಹುದು, ಗಣಪತಿಯನ್ನು ಮಾತ್ರ ಬಿಡುವಂತಿಲ್ಲ ಎಂದಾಯಿತು. ಮಂತ್ರದ ಅಂಕಲ್ ಅಂದಿನಿಂದ ಆಂಟಿಯೊಡನೆ ಮಾತು ಬಿಟ್ಟರು. ಮುಂದಿನ ವರ್ಷ ಹಬ್ಬ ಅಂಕಲ್ ಮನೆಗೆ ಹೋಯಿತು, ಅಂಗಡಿಯ ಬಣ್ಣದ ಗಣಪತಿಯೇ ಬಂತು. ಆ ವರ್ಷದ ಗಣಪತಿಯನ್ನು ಆಂಟಿ ತಮ್ಮ ಗರಾಜಿನಲ್ಲಿ ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಟ್ಟರು. ಅಲ್ಲಿ ಇದ್ದವರು ನಾವಿಬ್ಬರೇ ಗಂಡ ಹೆಂಡತಿ. ಕರಗಿದ ಮಣ್ಣನ್ನು ಹಾಳೆಯ ಮೇಲೆ ಹರಡಿ, ಬಿರುಕು ಬಿಡುವ ತನಕ ಒಣಗಿಸಿದರು. ಎಷ್ಟೋ ವರ್ಷ ಕೈಯಾರೆ ಮಾಡಿದ ಕೆಲಸ ಅವರ ಕೈಬಿಟ್ಟು ಹೋದದ್ದು ನೋಡಿ ನನಗೆ ಸಂಕಟವಾಯಿತು.

ದೋಣಿಯಾತ ಕೃತಜ್ಞತೆ ಹೇಳಿರಬೇಕು ಎಂದುಕೊಂಡಿರೇ? ಅವನು ಮಾರನೆಯ ದಿನ ಬಂದು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ನೀವು ಹಾಗೇಕೆ ಹೇಳಿದಿರಿ, ನನ್ನಿಂದ ಏನಾಗಬೇಕು ಎಂದು ಕೇಳಿದನಂತೆ. ಏನೂ ಆಗಬೇಕಿಲ್ಲ ಎಂದರೆ ನಂಬಲಿಲ್ಲ. ಎಷ್ಟೋ ತಿಂಗಳು ಆಂಟಿಯ ಮನೆಯ ಕಡೆ ಒಂದು ಕಣ್ಣಿಟ್ಟೇ ಇದ್ದ. ಆಂಟಿಗೆ ಅದು ಭಾರಿ ಖುಷಿ. “ಒಳ್ಳೇದಾಯ್ತು. ಅವ್ನಿಗೂ ಅನುಮಾನ ಹತ್ಕೊಂಡಿದೆ, ಇನ್ ಮೇಲೆ ಟ್ರೇಲರ್ ನೆಟ್ಟಗೆ ತೊಳೀತಾನೆ,” ಎಂದರು.

ನಮ್ಮ ಮನೆ ಕೊನೆಗೂ ಮಾರಾಟವಾಯಿತು. ಗಂಡನಿಗೆ ಬೇರೆ ರಾಜ್ಯದ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಡೇಟಾ ಸೆಂಟರಿನಲ್ಲಿ ಕಾಂಟ್ರಾಕ್ಟ್ ಸಿಕ್ಕಿ ನಾವು ಅದರ ಪಕ್ಕದ ಶಾಮ್‌ಬರ್ಗ್‌ಗೆ ಬಂದೆವು. ಭಾನುವಾರ ಬೆಳಿಗ್ಗೆ ಆಂಟಿಯ ಫೋನು ತಪ್ಪುತ್ತಿರಲಿಲ್ಲ. ಕೆರೆಗೆ ಪ್ರತಿವರ್ಷ ಔಷಧಿ ಹೊಡೆಯುತ್ತಾರೆ, ಪ್ರತಿವರ್ಷ ಜಡೆ ಅಷ್ಟಿಷ್ಟು ಮರಳಿ ಬರುತ್ತದೆ ಎಂದು ವರದಿ ಒಪ್ಪಿಸುತ್ತಿದ್ದರು. “ಅದು ನಿಮ್ಮಿಂದ್ಲೇ ಬಂತು ಅಂತ ಗ್ಯಾರಂಟಿ ಇಲ್ಲ ಆಂಟಿ,” ಎಂದರೆ “ನನ್ನಿಂದ ಬಂದಿಲ್ಲ ಅಂತಾನೂ ಗ್ಯಾರಂಟಿ ಇಲ್ವಲ್ಲ,” ಎನ್ನುತ್ತಿದ್ದರು. ಇಂದಿಗೂ ನನ್ನ ಆಫೀಸಿನಲ್ಲಿ ಏನಾದರೂ ಕೆಟ್ಟರೆ, ಬೇರೆಯವರ ಕಡೆ ನೋಡುವ ಮುಂಚೆ ನಾನು ಮಾಡಿದ್ದನ್ನು ತೆಗೆದು ನೋಡುತ್ತೇನೆ. ಆ ಬುದ್ಧಿ ನನ್ನದಲ್ಲ, ಅವರು ಕೊಟ್ಟದ್ದು.

ಒಂದು ಚಳಿಗಾಲದ ಕೊನೆಗೆ ಅವರು ನಿದ್ದೆಯಲ್ಲೇ ಹೋಗಿಬಿಟ್ಟರು. ಮಗ ಸಿಯಾಟಲ್‌ನಿಂದ ಬಂದ, ನಾನೂ ಗಂಡನೂ ಐ-94 ಹೆದ್ದಾರಿ ಹಿಡಿದು ಟ್ರಾಯ್‌ಗೆ ಹೋದೆವು. ದಹನವಾದ ಮೇಲೆ ಬೂದಿಯ ಮಾತು ಬಂತು. ಯಾರೋ ಡೆಟ್ರಾಯಿಟ್ ನದಿ ಎಂದರು, ಯಾರೋ ಶ್ರೀರಂಗಪಟ್ಟಣಕ್ಕೆ ಕೊಂಡೊಯ್ಯಿರಿ ಎಂದರು. ಮಗ ತಲೆಯಾಡಿಸಿ, ಹರಕುಮುರುಕು ಕನ್ನಡದಲ್ಲಿ ಹೇಳಿದ:

“ಅಮ್ಮ ತುಂಬಾ ಕ್ಲಿಯರ್ ಆಗಿ ಹೇಳಿದ್ರು. ಯಾವ ನೀರಿಗೂ ಬೇಡ. ಮಣ್ಣಲ್ಲಿ ಹಾಕು ಅಂತ. ಬಟ್ ವೈ? ಬೂದಿಯಿಂದ ಏನೂ ಗ್ರೋ ಆಗಲ್ಲ. ಲ್ಯಾಬಲ್ಲಿದ್ದವರು, ಅವ್ರಿಗೇ ಗೊತ್ತಿತ್ತಲ್ವಾ?”

ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಬೇಡವೆಂದಿದ್ದರು. ಒಬ್ಬರೇ ಅಷ್ಟು ವರ್ಷ ಆ ಭಾರ ಹೊತ್ತುಕೊಂಡಿದ್ದರಲ್ಲ ಎಂದು ನನಗೆ ದುಃಖ ಒತ್ತರಿಸಿ ಬಂತು. ಎಲ್ಲರೂ ಮಂತ್ರದ ಅಂಕಲ್ ಕಡೆ ನೋಡಿದರು. ಆಂಟಿಯ ಹೊಸಿಲನ್ನು ಅವರು ತುಳಿದದ್ದು ಆ ಸಭೆಯ ನಂತರ ಅಂದೇ ಮೊದಲು. ನೀರಿಲ್ಲದೆ ಸದ್ಗತಿಯಿಲ್ಲ ಎಂದು ರೇಗುತ್ತಾರೆ ಎಂದೇ ನಾನು ಕಾದೆ.

“ಶಾಸ್ತ್ರದಲ್ಲಿಲ್ಲ,” ಎಂದರು ಅವರು. “ಆದ್ರೆ ಆಯಮ್ಮ ಹೇಳಿದಾರೆ ಅಂದ್ರೆ ನೋಡೇ ಹೇಳಿರ್ತಾರೆ. ಅವರು ಹೇಳಿದ ಹಾಗೇ ಮಾಡಪ್ಪ.”

ಹಿತ್ತಲಿನ ನೆಲ ಚಳಿಗೆ ಇನ್ನೂ ಬಿಗಿದುಕೊಂಡಿತ್ತು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಗರಾಜಿನಿಂದ ಸಲಿಕೆ ತಂದು ಮೊದಲು ಅಗೆದವರು ಅವರೇ.